ಗಟ್ಟಿಯಾಗಿ ಓದಮ್ಮಾ

ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಬಾಯಿಗೆ ತುಟಿ ಕೊಟ್ಟ, ಕಿವಿಗೆ ಮಾತ್ರ ಮುಚ್ಚಳ ಕೊಡಲಿಲ್ಲ; ಕೇಳಬೇಕಾದ್ದನ್ನು ಮನುಷ್ಯ ಕೇಳಲೇಬೇಕು ಅಂತ ಅವನ ಇಚ್ಛೆ. ಹೀಗೆ ಹೇಳುತ್ತಿದ್ದವನು ಗುಂಡಿಯಕ್ಕನ ಅಪ್ಪ. ಅಂಗಿಯ ಗುಂಡಿ, ನೂಲು, ಲೇಸು ಮಾರುವ ಅಂಗಡಿ ಅವನದು. ಕೊನೆಗಾಲದಲ್ಲಿ ಆ ಬಡಪಾಯಿ ತನ್ನ ಕಿವಿಯನ್ನೇ ನಂಬದವನಾದ. ಯಾರು ಮಾತಾಡಿದರೂ ಕಿವಿಯ ಹಿಂದೆ ಅಂಗೈ ಇಟ್ಟು, “ಏನಂದ್ರಿ? ಇನ್ನೊಂದ್ಸಲ ಹೇಳಿ, ನನಗೆ ಕೇಳಿಸಲಿಲ್ಲ” ಅನ್ನುತ್ತಿದ್ದ. ನಿಜವಾಗಿ ಅವನ ಕಿವಿಗೆ ಏನೂ ಆಗಿರಲಿಲ್ಲ.

ಆ ಬೀದಿಯಲ್ಲಿ ತೆರಿಗೆಯ ನಿಯಮಗಳನ್ನು ಯಾರೂ ಓದುತ್ತಿರಲಿಲ್ಲ, ಕೇಳುತ್ತಿದ್ದರು. ವರ್ಷಕ್ಕೊಮ್ಮೆ ಹೊಸ ನಿಯಮಗಳು ಹೊರಬಿದ್ದ ಕೂಡಲೇ ಅಂಗಡಿಗಳನ್ನು ಅರ್ಧ ಮುಚ್ಚಿ, ಎಲ್ಲರೂ ತಮ್ಮ ತಮ್ಮ ಸ್ಟೂಲು ಹಿಡಿದು ಬಡಗಿಯ ಅಂಗಳಕ್ಕೆ ಬರುತ್ತಿದ್ದರು. ಮರದ ಹೊಟ್ಟಿನ ವಾಸನೆಯ ನಡುವೆ ಕುರ್ಚಿ ಹಾಕಿಕೊಂಡು ಕಲಂ ಮಾವ ಓದಿ ಹೇಳುತ್ತಿದ್ದ. ಆತ ಗುಂಡಿಯಕ್ಕನ ತಾಯಿಯ ಖಾಸಾ ತಮ್ಮ. ಬೀದಿಯವರ ತೆರಿಗೆ ಕಾಗದವನ್ನೆಲ್ಲ ಬರೆದುಕೊಡುವವನು. ಮಾತೆತ್ತಿದರೆ ಇಂಥ ಕಲಂ, ಇಂಥ ಉಪಕಲಂ ಎನ್ನುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು.

ಒಂದು ಸಲ ಅದೇ ಅಂಗಳದಲ್ಲಿ ಅಪ್ಪ ಬಾಯಿ ತಪ್ಪಿ ಅಂದ. “ನಮ್ಮ ಭಾಮೈದ ಕಲಂ ಎಲ್ಲಾ ಬಾಯಿಪಾಠ ಹೇಳ್ತಾನೆ ಕಣ್ರಪ್ಪಾ, ಆದ್ರೆ ಲೆಕ್ಕ ಕೂಡೋವಾಗ ಕಾಲ್ಬೆರಳೂ ಬೇಕಾಗತ್ತೆ.” ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾವನೂ ನಕ್ಕ, ಹಲ್ಲಿನ ತುದಿಯಿಂದ.

ಮರುವರ್ಷ ಒಂದು ಹೊಸ ನಿಯಮ ಬಂತು. ಸಣ್ಣ ಅಂಗಡಿಯವರು ತಿಂಗಳು ತಿಂಗಳು ಲೆಕ್ಕ ಸಲ್ಲಿಸುವ ತಾಪತ್ರಯ ಬೇಡವೆಂದರೆ ಸುಲಭದ ದಾರಿಯೊಂದಿದೆ; ಆದರೆ ಅದು ಬೇಕೆಂದು ಮೊದಲೇ ಬರೆದುಕೊಡಬೇಕು. ಮಾವ ಅದನ್ನು ಓದಿದ ದಿನ ಅಪ್ಪ ಸರಕು ತರಲು ಪರವೂರಿಗೆ ಹೋಗಿದ್ದ. “ಭಾವನಿಗೆ ನಾನೇ ಮನೇಲಿ ಹೇಳ್ತೀನಿ ಬಿಡಿ” ಎಂದ ಮಾವ, ಹೇಳಲಿಲ್ಲ. ಬೀದಿಯವರೆಲ್ಲ ಸುಲಭದ ದಾರಿ ಹಿಡಿದರು. ತಿಂಗಳ ಲೆಕ್ಕ ಇನ್ನಿಲ್ಲವಂತೆ ಎಂದಷ್ಟೇ ಬೀದಿಯಲ್ಲಿ ಕೇಳಿ, ಅಪ್ಪನೂ ತಾನು ಅದೇ ದಾರಿಯಲ್ಲಿದ್ದೇನೆ ಎಂದುಕೊಂಡು ಲೆಕ್ಕ ಸಲ್ಲಿಸದೆ ಉಳಿದ. ತಿಂಗಳಿಗೊಂದು ದಂಡ ಬೆಳೆದು, ಕೊನೆಗೊಂದು ದಿನ ಅಧಿಕಾರಿಗಳೇ ಬಾಗಿಲಿಗೆ ಬಂದರು.

ಅಪ್ಪ ಓಡಿಹೋಗಿ ಕೇಳಿದಾಗ ಮಾವ ಕನ್ನಡಕ ಒರೆಸುತ್ತಾ ಹೇಳಿದ, “ಹೇಳಿದೆನಲ್ಲ ಭಾವ. ನೀವು ತಲೆಯಾಡಿಸಿದ್ರಿ.”

ಅಂದಿನಿಂದ ಅಪ್ಪನ ಅಂಗೈ ಕಿವಿಯ ಹಿಂದೆ ಹೋಯಿತು.

ದಂಡ ಕಟ್ಟಲು ಅಂಗಡಿಯ ಮುಂಭಾಗವನ್ನು ಮಾರಬೇಕಾಯಿತು. ಕೊಂಡವನೂ ಮಾವನೇ, “ಹೊರಗಿನವರ ಪಾಲಾಗೋದು ಬೇಡ” ಎಂಬ ಕರುಣೆಯ ಮಾತಿನೊಂದಿಗೆ. ನಡುವೆ ಪ್ಲೈವುಡ್ಡಿನ ಗೋಡೆ ಎದ್ದಿತು. ಬೀದಿ ಕಡೆಯ ಭಾಗ, ಕಿಟಕಿಯ ಸಮೇತ, ಗಡಿಯಾರ ರಿಪೇರಿಯವನಿಗೆ ಬಾಡಿಗೆಗೆ ಹೋಯಿತು. ಅಪ್ಪ, ಮಗಳು ಹಿಂದಿನ ಕತ್ತಲಲ್ಲಿ ಉಳಿದರು. ಗಿರಾಕಿಗಳು ಪಕ್ಕದ ಸಂದಿಯಿಂದ ಬರಬೇಕು. ಗುಂಡಿಯ ವ್ಯಾಪಾರಕ್ಕೆ ಹಗಲ ಬೆಳಕೇ ಬಂಡವಾಳ. ಬಲ್ಬಿನ ಕೆಳಗೆ ಕಡುನೀಲಿಯೂ ಕಪ್ಪೇ, ಕಂದುಬಣ್ಣವೂ ಕಪ್ಪೇ. ಅಪ್ಪ ಪ್ರತಿ ಗಿರಾಕಿಯ ಬಟ್ಟೆಯನ್ನೂ ಸಂದಿಗೆ ಒಯ್ದು, ಆಕಾಶಕ್ಕೆ ಹಿಡಿದು ಬಣ್ಣ ಹೊಂದಿಸುತ್ತಿದ್ದ. ಮಳೆ ಬಂದ ದಿನ ವ್ಯಾಪಾರವಿಲ್ಲ. ಹಾಗೇ ಸವೆದು ಒಂದು ದಿನ ಅಪ್ಪ ಹೋದ.

ಮಣ್ಣು ಮಾಡಿ ಬಂದ ಸಂಜೆ ಬಡಗಿ ಗುಂಡಿಯಕ್ಕನ ಪಕ್ಕ ಕೂತು ಬಾಯಿಬಿಟ್ಟ. “ಆ ಹೊಸ ನಿಯಮ ಓದಿದ ಮೇಲೊಂದಿನ ನಾನು ಮಾವನ್ನ ಕೇಳ್ದೆ ಕಣಮ್ಮಾ, ನಿಮ್ಮಪ್ಪನಿಗೆ ಹೇಳಿದ್ರಾ ಅಂತ. ‘ಕಾಲ್ಬೆರಳಲ್ಲಿ ಎಣಿಸ್ತಿದ್ದೀನಿ, ಮುಗಿದ ಮೇಲೆ ಹೇಳ್ತೀನಿ’ ಅಂದ. ನಾನು ಸುಮ್ಮನಾದೆ.”

ಗುಂಡಿಯಕ್ಕ ಅಳಲಿಲ್ಲ. ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ಬೇರೆಯವರು ದೇವರಲ್ಲಿ ಸಿರಿ ಬೇಡುತ್ತಾರೆ, ಸುಖ ಬೇಡುತ್ತಾರೆ. ಅವಳು ತಾಳ್ಮೆ ಬೇಡಿದಳು. ದೇವರು ಎಂಥ ದಯಾಮಯ ನೋಡಿ, ಯಾತಕ್ಕೆ ಅಂತ ಕೇಳದೆ ಕೊಟ್ಟುಬಿಟ್ಟ.

ವರ್ಷಗಳು ಉರುಳಿದವು. ನಿಯಮಗಳು ಮೊದಲಿನ ಹಾಗೆ ವರ್ಷಕ್ಕೊಮ್ಮೆ ಬದಲಾಗದೆ, ಬೆಕ್ಕು ಮರಿಗಳ ಜಾಗ ಬದಲಾಯಿಸಿದ ಹಾಗೆ ಆಗಾಗ ಅತ್ತಿಂದಿತ್ತ ಹಾರತೊಡಗಿದವು. ಕಾಗದದಲ್ಲಿದ್ದದ್ದು ಕಂಪ್ಯೂಟರಿಗೆ ಹೋಯಿತು, ಅಲ್ಲಿಂದ ಫೋನಿಗೆ ಬಂತು. ಮಾವ ಹಳೆಯ ಕಲಮುಗಳಲ್ಲೇ ಉಳಿದ. ಗುಂಡಿಯಕ್ಕ ಮಾತ್ರ ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಇಲಾಖೆಯ ಪ್ರಕಟಣೆಗಳನ್ನು ಓದುತ್ತಿದ್ದಳು. ನಿಧಾನವಾಗಿ ಬೀದಿ ಅವಳ ಕಡೆ ತಿರುಗಿತು. ಬಡಗಿಯ ಅಂಗಳದಲ್ಲಿ ಓದುವ ಕೆಲಸ ಅವಳದಾಯಿತು. ಮಾವ ಹಿರಿಯನೆಂದು ಮುಂದಿನ ಕುರ್ಚಿಯಲ್ಲಿ ಕೂರುತ್ತಿದ್ದ. ಪ್ರತಿ ನಿಯಮಕ್ಕೂ, ಇದು ನನಗೆ ಮೊದಲೇ ಗೊತ್ತು ಎಂಬಂತೆ ತಲೆಯಾಡಿಸುತ್ತಿದ್ದ.

ಒಂದು ದಿನ ಅತ್ತೆ, ಎಂದರೆ ಮಾವನ ಹೆಂಡತಿ, ಬಿಳಿ ನೂಲು ಕೊಳ್ಳುವ ನೆಪದಲ್ಲಿ ಸಂದಿಯಿಂದ ಬಂದಳು.

“ಸ್ವಲ್ಪ ಗಟ್ಟಿಯಾಗಿ ಓದೇ ಮಗಳೇ. ಅವರಿಗೆ ಕಿವಿ ಮಂದ ಆಗಿದೆ. ಯಾರಿಗೂ ಹೇಳಬೇಡ, ಪ್ರಾಣ ಹೋದ್ರೂ ಒಪ್ಪಲ್ಲ ಅವರು. ಸುಮ್ಮನೆ ತಲೆಯಾಡಿಸ್ತಾರೆ.”

“ತಲೆಯಾಡಿಸ್ತಾರಾ?” ಎಂದಳು ಗುಂಡಿಯಕ್ಕ.

“ಹೂಂ ಕಣೇ. ಮೊನ್ನೆ ಮನೆ ಸೋರ್ತಿದೆ ಅಂದ್ರೆ ಭೇಷ್ ಅಂದ್ರು.”

ಇಬ್ಬರೂ ನಕ್ಕರು. ಅತ್ತೆಯ ನೂಲಿಗೆ ಅವಳು ಕಾಸು ತೆಗೆದುಕೊಳ್ಳಲಿಲ್ಲ. ತಾನು ಬೇಡಿದ್ದ ತಾಳ್ಮೆಗೆ ಕೆಲಸ ಬಂದಿದೆ ಎಂದು ಅವಳಿಗೆ ಗೊತ್ತಾಯಿತು.

ಆ ವರ್ಷದ ಹೊಸ ನಿಯಮಗಳಲ್ಲಿ ಒಂದು ಹೀಗಿತ್ತು: ವ್ಯಾಪಾರಕ್ಕೆಂದು ಜಾಗವನ್ನು ಬಾಡಿಗೆಗೆ ಕೊಡುವವರು ಇನ್ನು ಮೇಲೆ ತಮ್ಮ ಹೆಸರು ನೋಂದಾಯಿಸಿ ತೆರಿಗೆ ಕಟ್ಟಬೇಕು, ತಪ್ಪಿದರೆ ಪ್ರತಿ ಜಾಗಕ್ಕೂ, ಪ್ರತಿ ತಿಂಗಳಿಗೂ ದಂಡ. ಆ ಬೀದಿಯಲ್ಲಿ ಹಾಗೆ ಬಾಡಿಗೆ ತಿನ್ನುತ್ತಿದ್ದವನು ಮಾವ ಒಬ್ಬನೇ.

ಅಂಗಳ ತುಂಬಿತ್ತು. ಗುಂಡಿಯಕ್ಕ ಅತ್ತೆಯ ಮಾತಿನಂತೆ ಗಂಟಲೆತ್ತಿ ಓದಿದಳು. ಮಾವನ ಮುಖ ಅರಳಿತ್ತು. ಬಾಡಿಗೆಯ ನಿಯಮ ಬಂದಾಗ ಹಾಳೆಯನ್ನು ತುಟಿಯ ಮಟ್ಟಕ್ಕೆ ಎತ್ತಿ, ದನಿ ಇಳಿಸಿದಳು. ಪಿಸುಮಾತೇನಲ್ಲ. ಮನೆಯಲ್ಲಿ ಕೂತು ಮಾತಾಡುವಷ್ಟು. ಕೊನೆಯ ಸ್ಟೂಲಿನವರಿಗೂ ಕೇಳಿಸಿತು. ಓದಿ ಮುಗಿಸಿ, ಹಾಳೆ ಇಳಿಸಿ, ಮಾವನ ಕಣ್ಣಲ್ಲಿ ಕಣ್ಣಿಟ್ಟು ಕಾದಳು.

ಮಾವ ತಲೆಯಾಡಿಸಿದ.

ಬಡಗಿ ತಲೆಯೆತ್ತಿ ಅವಳನ್ನು ನೋಡಿದ. ಮತ್ತೆ ತಗ್ಗಿಸಿದ.

ಆಮೇಲೆ ಅವಳು ಮಾಡಬೇಕಾದ್ದೇನೂ ಇರಲಿಲ್ಲ. ಗಡಿಯಾರದವನು, ಹೇಗೂ ಮಾವ ಕೇಳಿಸಿಕೊಂಡಿದ್ದಾರೆ, ಬಾಡಿಗೆದಾರ ಯಾಕೆ ಬುದ್ಧಿ ಹೇಳಬೇಕು ಎಂದು ಸುಮ್ಮನಿದ್ದ. ಇಲಾಖೆಯ ಎಚ್ಚರಿಕೆಗಳು ಮಾವನ ಫೋನಿಗೆ ಬಂದವು. ಆ ಫೋನು ಅತ್ತೆಯ ಹೊಲಿಗೆ ಡಬ್ಬಿಯಲ್ಲಿ ಕತ್ತರಿಯ ಜೊತೆ ಮಲಗಿರುತ್ತಿತ್ತು. ಗುಂಡಿಯಕ್ಕ ದಿನವೂ ಮಾವನನ್ನು ಕಂಡು ಕೈಮುಗಿಯುತ್ತಿದ್ದಳು. ಒಂದೆರಡು ಸಲ ಹೇಳಿಬಿಡೋಣವೆಂದು ನಾಲಗೆಯ ತುದಿಗೆ ಬಂದಿತ್ತು. ಆಗೆಲ್ಲ ಅವಳು ಪ್ಲೈವುಡ್ಡಿನ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಮಾತು ತಾನಾಗಿ ಒಳಗಿಳಿಯುತ್ತಿತ್ತು.

ಅಧಿಕಾರಿಗಳು ಬಂದ ದಿನ ಮಾವ ಏದುಸಿರು ಬಿಡುತ್ತಾ ಸಂದಿಯಿಂದ ಬಂದ. ಬೀದಿಯ ಅರ್ಧ ಜನ ಹಿಂದೆಯೇ ಇದ್ದರು.

“ಹೊಸ ನಿಯಮ ಅಂತೆ! ನನಗೆ ಯಾಕೆ ಹೇಳಲಿಲ್ಲ ನೀನು?”

ಗುಂಡಿಯಕ್ಕ ಆ ಮಾತನ್ನು ಎಷ್ಟು ವರ್ಷ ಬಾಯಲ್ಲಿಟ್ಟುಕೊಂಡು ಕಾಪಾಡಿದ್ದಳೋ. ಈಗ ಮಂದ ಕಿವಿಗೂ ಮುಟ್ಟುವಷ್ಟು ಗಟ್ಟಿಯಾಗಿ ಹೇಳಿದಳು.

“ಹೇಳಿದೆನಲ್ಲ ಮಾವ. ನೀವು ತಲೆಯಾಡಿಸಿದ್ರಿ.”

“ಹೌದೌದು, ನಾವೆಲ್ಲ ಇದ್ವಿ” ಎಂದ ಗಡಿಯಾರದವನು.

ಕೇಳಿಸಲಿಲ್ಲ ಎಂದರೆ ಮಾನ ಹೋಗುತ್ತದೆ, ಕೇಳಿಸಿತು ಎಂದರೆ ಮಳಿಗೆ ಹೋಗುತ್ತದೆ. ಮಾವ ಮಾನ ಉಳಿಸಿಕೊಂಡ. “ಕೇಳಿಸಿತ್ತು. ಮರೆತೆ” ಎಂದ. ಆಮೇಲೆ ಅವಳ ಮುಖವನ್ನೇ ನೋಡುತ್ತಾ ನಿಂತ. ಆ ಮಾತು ಯಾರದೆಂದು, ಎಲ್ಲಿಂದ ಹೊರಟು ಎಲ್ಲಿಗೆ ಬಂದು ಸೇರಿತೆಂದು ಅವನಿಗೆ ನಿಧಾನವಾಗಿ ಹೊಳೆಯಿತು. ಅವಳು ಆ ಹೊಳೆಯುವಿಕೆಯನ್ನು ಕಣ್ತುಂಬ ನೋಡಿದಳು.

ದಂಡ ಕಟ್ಟಲು ಮಾವ ಅಂಗಡಿಯ ಮುಂಭಾಗವನ್ನು ಮಾರಲೇಬೇಕಾಯಿತು. ಹಿಂದೆ ಮಾವ ಅಪ್ಪನಿಗೆ ಕೊಟ್ಟ ಬೆಲೆಯನ್ನೇ ಅವಳು ಕೊಟ್ಟಳು. “ಹೊರಗಿನವರ ಪಾಲಾಗೋದು ಬೇಡ ಮಾವ” ಎಂದಳು. ಗಡಿಯಾರದವನು ತನ್ನ ಮೇಜನ್ನು ಬೀದಿಯ ಇನ್ನೊಂದು ಮೂಲೆಗೆ ಒಯ್ದ; ಬಡಗಿ ಬಂದು ಪ್ಲೈವುಡ್ ಕಿತ್ತ. ಬೀದಿಯ ಬೆಳಕು ಒಳಗೆ ಬಿದ್ದು, ಇಷ್ಟು ವರ್ಷ ಕಪ್ಪೆಂದು ಇಟ್ಟಿದ್ದ ಡಬ್ಬಿಯೊಂದರಲ್ಲಿ ಮುಕ್ಕಾಲು ಪಾಲು ಕಡುನೀಲಿ ಗುಂಡಿಗಳೇ ಕಂಡವು.

“ಆಗಲೂ ಸುಮ್ಮನಿದ್ದೆ, ಈಗಲೂ ಸುಮ್ಮನಿದ್ದೆ” ಎಂದ ಬಡಗಿ, ಮೊಳೆಗಳನ್ನು ಆರಿಸುತ್ತಾ. “ದೇವರು ನನಗೆ ಎರಡೆರಡು ಕಿವಿ ಕೊಟ್ಟಿದ್ದು ದಂಡ.”

ಅತ್ತೆ ಮತ್ತೆ ನೂಲಿಗೆ ಬರಲಿಲ್ಲ.

ಮುಂದಿನ ವರ್ಷ ಮತ್ತೆ ಅಂಗಳ ತುಂಬಿತು. ಗುಂಡಿಯಕ್ಕ ಹಾಳೆ ಬಿಡಿಸಿದಳು. ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಗಡಿಯಾರದವನ ದನಿ ಬಂತು. “ಗಟ್ಟಿಯಾಗಿ ಓದಮ್ಮಾ. ನಮಗೂ ಮೆಲ್ಲಗೆ ಓದಿಬಿಟ್ಟೀಯ!”

ಜನ ನಕ್ಕರು. ಆ ನಗು ಅವಳಿಗೆ ಪರಿಚಯದ್ದು, ಅಪ್ಪನ ಕಾಲ್ಬೆರಳಿನ ಮಾತಿಗೆ ಎದ್ದದ್ದೇ. ಕಣ್ಣೆತ್ತಿ ನೋಡಿದರೆ ಪ್ರತಿಯೊಬ್ಬರ ತೊಡೆಯ ಮೇಲೂ ಫೋನು ತೆರೆದಿತ್ತು. ಅವಳು ಓದಿದ ಒಂದೊಂದು ಸಾಲನ್ನೂ ಬೆರಳಿಟ್ಟು ತಾಳೆ ನೋಡುತ್ತಿದ್ದರು. ಅವಳು ಗಂಟಲು ಹರಿಯುವ ಹಾಗೆ ಓದಿದಳು. ಬೆರಳುಗಳು ಸಾಲಿನಿಂದ ಏಳಲಿಲ್ಲ.

ಮುಂದಿನ ಕುರ್ಚಿ ಖಾಲಿಯಿತ್ತು. ಮಾವ ಕೊನೆಯಲ್ಲಿ, ಹಲಗೆಯೊಂದರ ಮೇಲೆ ಕೂತಿದ್ದ. ನಾಲ್ಕನೆಯ ನಿಯಮ ಮುಗಿಯುತ್ತಿದ್ದಂತೆ ಆತ ಅಂಗೈಯನ್ನು ಕಿವಿಯ ಹಿಂದೆ ಇಟ್ಟು, ಇಡೀ ಬೀದಿಯ ಮುಂದೆ ಹೇಳಿದ.

“ಇನ್ನೊಂದ್ಸಲ ಓದು ಮಗಳೇ. ನನಗೆ ಕೇಳಿಸಲಿಲ್ಲ.”

ಗುಂಡಿಯಕ್ಕ ಅವಸರ ಮಾಡಲಿಲ್ಲ. ಆ ಅಂಗೈ ಕಿವಿಯ ಹಿಂದೆ ಹಾಗೇ ಇರಲೆಂದು, ಪಕ್ಕದಲ್ಲಿದ್ದ ಚೊಂಬು ಎತ್ತಿ ನೀರನ್ನು ಗುಟುಕು ಗುಟುಕಾಗಿ ಕುಡಿದಳು. ತುಟಿ ಒರೆಸಿಕೊಂಡಳು. ಆಮೇಲೆ ಮೊದಲಿನಿಂದ ಓದಿದಳು.