ಒಬ್ಬಳೇ ಮಾಡಿದ ಅಪ್‌ಗ್ರೇಡ್

ಬೆಳಗಾವಿಯ ಟಿಳಕವಾಡಿಯಲ್ಲಿರುವ ಆ ಖಾಸಗಿ ಆಸ್ಪತ್ರೆಯ ಕಂಪ್ಯೂಟರುಗಳನ್ನು ದಾನೇಶ್ವರಿ ಮತ್ತು ಜಾಕೀರ ಇಬ್ಬರೇ ವರ್ಷಗಟ್ಟಲೆ ನೋಡಿಕೊಂಡಿದ್ದರು. ಮಳೆಗಾಲದಲ್ಲಿ ಎದೆನೋವೆಂದು ಕುಸಿದ ಜಾಕೀರ ಮತ್ತೆ ಏಳಲಿಲ್ಲ. ಅವನ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಆದರೆ ಸರ್ವರುಗಳಲ್ಲಿದ್ದ ತಂತ್ರಾಂಶದ ಹಳೆಯ ಆವೃತ್ತಿಗೆ ಕಂಪನಿ ಕೊಡುತ್ತಿದ್ದ ಸೇವೆಯ ಅವಧಿ ಮುಗಿಯುತ್ತ ಬಂದಿತ್ತು. ಹೊಸದನ್ನು ಹಾಕುವುದನ್ನು ಮುಂದೂಡುವಂತಿರಲಿಲ್ಲ.

ರವಿವಾರ ರೋಗಿಗಳು ಕಡಿಮೆ. ದಾನೇಶ್ವರಿ ಬೆಳಿಗ್ಗೆಯೇ ಬಂದು ಸರ್ವರ್ ಕೋಣೆಯಲ್ಲಿ ಕುಳಿತಳು.

ರೋಗಿಗಳ ವಿವರ, ರಕ್ತ ತಪಾಸಣೆಯ ವರದಿ, ಔಷಧಿ ಅಂಗಡಿಯ ಬಿಲ್ಲು, ಎಲ್ಲ ಓಡುತ್ತಿದ್ದದ್ದು ಮೂರು ಸರ್ವರುಗಳ ಮೇಲೆ. ಮಾಹಿತಿ ಮಾತ್ರ ಮೂರಕ್ಕೂ ಸೇರಿದ ಒಂದೇ ಸ್ಟೋರೇಜ್ ಪೆಟ್ಟಿಗೆಯಲ್ಲಿತ್ತು. ಹೀಗಾಗಿ ಒಂದು ಸರ್ವರಿನ ಕೆಲಸವನ್ನು ಉಳಿದೆರಡಕ್ಕೆ ದಾಟಿಸಿ, ಖಾಲಿಯಾದದ್ದಕ್ಕೆ ಹೊಸ ಆವೃತ್ತಿ ಹಾಕಬಹುದಿತ್ತು. ಆಸ್ಪತ್ರೆಗೆ ಗೊತ್ತೂ ಆಗುವುದಿಲ್ಲ. ಆದರೆ ಮೂರರಲ್ಲಿ ಎರಡು ಯಾವಾಗಲೂ ಗಟ್ಟಿಯಾಗಿರಬೇಕು. ಶನಿವಾರವೇ ಅವಳು ಬ್ಯಾಕಪ್ ತೆಗೆದು, ಅದರಿಂದ ಎಲ್ಲವನ್ನೂ ಮರಳಿ ಎಬ್ಬಿಸಲು ಬರುತ್ತದೆಯೇ ಎಂದೂ ನೋಡಿಕೊಂಡಿದ್ದಳು.

ಮೊದಲೆಲ್ಲ ಅವಳು ಟೈಪ್ ಮಾಡಿದ ಸಾಲನ್ನು ಜಾಕೀರ ಜೋರಾಗಿ ಓದುತ್ತಿದ್ದ. "ಹೂಂ, ಒತ್ತರಿ ಅಕ್ಕಾ" ಎಂದ ಮೇಲೆಯೇ ಅವಳು ಗುಂಡಿ ಒತ್ತುತ್ತಿದ್ದಳು. ಈಗ ತಾನೇ ಓದಿಕೊಂಡಳು. ಫ್ಯಾನುಗಳ ಸದ್ದಿನಲ್ಲಿ ತನ್ನ ದನಿ ತನಗೇ ಯಾರದೋ ಅನಿಸಿ, ಮನಸ್ಸಿನಲ್ಲೇ ಓದತೊಡಗಿದಳು.

ಮೊದಲನೆಯ ಸರ್ವರ್ ಸರಾಗವಾಗಿ ಮುಗಿಯಿತು. ಎಲ್ಲ ಸರಿಯಿದೆಯೇ ಎಂದು ಕೇಳಲು, ಇದೇ ಸರ್ವರುಗಳನ್ನು ಬಳಸುವ ಆಸ್ಪತ್ರೆಯ ಖಾನಾಪುರದ ಶಾಖೆಗೆ ಫೋನ್ ಮಾಡಿದಳು. ಅಲ್ಲಿನ ನರ್ಸ್ ಶಿವಲಿಂಗವ್ವ ಫೋನೆತ್ತಿದಳು.

"ಸಿಸ್ಟರ್, ನಾ ಬೆಳಗಾವಿಯಿಂದ ದಾನೇಶ್ವರಿ. ಯಾರದರೆ ಪೇಶಂಟ್ ಹೆಸರು ಹಾಕಿ ನೋಡ್ರಿ, ಬರ್ತೈತೇನು?"

"ಬಂತ್ರೀ. ಚಲೋ ಐತಿ." ಶಿವಲಿಂಗವ್ವ ಫೋನ್ ಇಡಲಿಲ್ಲ. "ರವಿವಾರನೂ ಕೆಲಸ ಏನ್ರಿ? ಜೋಡಿ ಯಾರ ಅದಾರು?"

"ಯಾರೂ ಇಲ್ರಿ. ಒಬ್ಬಾಕಿನ."

ಎರಡನೆಯದು ಹೊಸ ಆವೃತ್ತಿಯೊಂದಿಗೆ ಎದ್ದಿತು, ಆದರೆ ಸ್ಟೋರೇಜ್ ಅದಕ್ಕೆ ಕಾಣಿಸಲಿಲ್ಲ. ತಂತಿ ನೋಡಿದಳು, ಸರಿಯಿತ್ತು. ಮತ್ತೊಮ್ಮೆ ಆರಿಸಿ ಎಬ್ಬಿಸಿದಳು. ಇಲ್ಲ. ಅಷ್ಟರಲ್ಲಿ ಆಡಳಿತಾಧಿಕಾರಿ ಶಶಿಧರರ ಫೋನ್ ಬಂತು. ಎರಡನೆಯದು ಕೈ ಕೊಟ್ಟದ್ದನ್ನು ಹೇಳಿದಳು.

"ನಾಳೆ ಸೋಮವಾರ, ಗದ್ದಲ ಇರ್ತೈತಿ. ಎರಡನೇದು ಆಮ್ಯಾಲ ನೋಡೂಣು. ಮೂರನೇದು ಮುಗಿಸಿಬಿಡ್ರಿ."

"ಆಗೂದಿಲ್ರಿ ಸರ್. ಈಗ ಮೂರನೇದಕ್ಕ ಕೈ ಹಚ್ಚಿದ್ರ ಇಡೀ ದವಾಖಾನಿ ಒಂದರ ಮ್ಯಾಲ ನಿಲ್ಲತೈತಿ. ಅದಕ್ಕೇನರೆ ಆದ್ರ ಹಿಡಿಯಾಕ ಯಾವುದೂ ಇಲ್ಲ."

"ಜಾಕೀರ ಇದ್ದಿದ್ರ ಇಷ್ಟೊತ್ತಿಗೆ ಮುಗಿಸಿರ್ತಿದ್ದ ನೋಡ್ರಿ."

"ಜಾಕೀರನೂ ಇಲ್ಲೇ ನಿಲ್ಲಿಸ್ತಿದ್ದ ಸರ್" ಎಂದಳು.

ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಅತ್ತಳು. ಮುಖ ತೊಳೆದುಕೊಂಡು ಬಂದು ಮೊದಲಿನಿಂದ ಹುಡುಕತೊಡಗಿದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ತಪ್ಪು ಸಿಕ್ಕಿತು. ಹೊಸ ಆವೃತ್ತಿ ಬಂದಾಗ, ಆ ಸರ್ವರನ್ನು ಸ್ಟೋರೇಜ್‌ಗೆ ಜೋಡಿಸುವ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿತ್ತು. ಒಳಗಿನ ವ್ಯವಸ್ಥೆ ಇನ್ನೂ ಹಳೆಯ ಹೆಸರನ್ನೇ ಕರೆಯುತ್ತಿತ್ತು. ಇಲ್ಲದ ಹೆಸರಿಗೆ ಓಗೊಡುವವರು ಯಾರು? ಹೆಸರು ತಿದ್ದಿದಳು, ಸ್ಟೋರೇಜ್ ಕಾಣಿಸಿತು. ಆದರೂ ಪೂರ್ತಿ ನಂಬದೆ, ಪರೀಕ್ಷೆಗೆಂದೇ ಇಟ್ಟಿದ್ದ, ಕೆಟ್ಟರೂ ನಷ್ಟವಿಲ್ಲದ ಸಣ್ಣ ಪ್ರೋಗ್ರಾಮೊಂದನ್ನು ಮೊದಲು ಅದರ ಮೇಲೆ ಓಡಿಸಿ ನೋಡಿ, ಆಮೇಲೆ ಕೆಲಸ ದಾಟಿಸಿದಳು. ಮೂರನೆಯದರಲ್ಲಿ ಹೆಸರುಗಳನ್ನು ಮುಂಚೆಯೇ ಗಮನಿಸಿಕೊಂಡದ್ದರಿಂದ ತೊಂದರೆಯಾಗಲಿಲ್ಲ.

ಇನ್ನೂ ಬಿಸಿಲಿರುವಾಗಲೇ ಎಲ್ಲ ಮುಗಿಯಿತು. ಶಶಿಧರರಿಗೆ ತಿಳಿಸಿದಳು. "ಚಲೋ ಆತು" ಎಂದು ಅವರು ಫೋನ್ ಇಟ್ಟರು. ಹೊರಗೆ ಔಷಧಿ ಅಂಗಡಿಯವನು ಎಂದಿನಂತೆ ಬಿಲ್ಲು ಮಾಡುತ್ತಿದ್ದ. ದಿನವಿಡೀ ಏನು ನಡೆಯಿತೆಂದು ಇಡೀ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಲಸ ಚೆನ್ನಾಗಿ ಆಯಿತೆಂದರೆ ಹಾಗೆಯೇ ಇರಬೇಕು. ಅದು ಅವಳಿಗೆ ತಿಳಿಯದ್ದಲ್ಲ. ಆದರೂ ನೆಹರು ನಗರದ ತನ್ನ ಬಾಡಿಗೆ ಕೋಣೆಗೆ ಹೋಗಿ ಬೀಗ ತೆಗೆಯಲು ಮನಸ್ಸಾಗಲಿಲ್ಲ. ಖಾನಾಪುರದ ಬಸ್ಸು ಹತ್ತಿದಳು. ಶಾಖೆಯ ಕಂಪ್ಯೂಟರನ್ನು ಕಣ್ಣಾರೆ ನೋಡಿ ಬರೋಣ ಎಂದು ತನಗೆ ತಾನೇ ನೆಪ ಹೇಳಿಕೊಂಡಳು.

ಶಾಖೆಯಲ್ಲಿ ಮೇಜಿನ ಹಿಂದೆ ಕುಳಿತಿದ್ದ ದಪ್ಪ ಕನ್ನಡಕದ ಹೆಂಗಸು ತಲೆಯೆತ್ತಿದಳು. "ಬರ್ರಿ. ಯಾರಿಗೆ ಆರಾಮಿಲ್ಲ?"

"ಯಾರಿಗೇನೂ ಆಗಿಲ್ರಿ. ನಾ ದಾನೇಶ್ವರಿ. ಮುಂಜಾನೆ ಫೋನ್ ಮಾಡಿದ್ನಲ್ಲ."

"ಅಯ್ಯ, ನೀವ ಏನು! ದನಿ ಕೇಳಿ ಭಾಳ ವಯಸ್ಸಾದವ್ರು ಅನ್ಕೊಂಡಿದ್ದೆ. ಕುಂದರ್ರಿ, ಚಾ ತರಸ್ತೀನಿ." ಶಿವಲಿಂಗವ್ವ ಕುರ್ಚಿ ಎಳೆದುಕೊಟ್ಟಳು. "ಅಲ್ಲ, ಒಬ್ರ ಕುಂತು ದಿನಾ ಪೂರ್ತಿ ಏನ್ ಮಾಡಿದ್ರಿ?"

ದಾನೇಶ್ವರಿ ಹೇಳಲು ಶುರುಮಾಡಿದಳು. ಎರಡನೆಯ ಸರ್ವರ್ ಕೈ ಕೊಟ್ಟ ಮಾತು ಬರುವಷ್ಟರಲ್ಲಿ ಜ್ವರದ ಮಗುವನ್ನೆತ್ತಿಕೊಂಡು ಯಾರೋ ಒಳಬಂದರು. ಶಿವಲಿಂಗವ್ವ ಎದ್ದು ಹೋದಳು. ದಾನೇಶ್ವರಿ ತಣ್ಣಗಾಗುತ್ತಿದ್ದ ಚಹಾ ಹಿಡಿದು ಕುಳಿತಳು. ಇವರಿಗೆ ಇದೆಲ್ಲ ಯಾಕೆ ಬೇಕು, ಹೊರಟುಬಿಡೋಣ ಎಂದುಕೊಂಡಳು.

ಮಗುವಿಗೆ ಔಷಧಿ ಕೊಟ್ಟು ಕಳಿಸಿ, ಕೈ ಒರೆಸಿಕೊಳ್ಳುತ್ತ ಶಿವಲಿಂಗವ್ವ ಬಂದು ಎದುರಿಗೆ ಕುಳಿತಳು.

"ಹಾಂ, ಹೇಳ್ರಿ. ಎರಡನೇದು ಯಾಕ ಕೈ ಕೊಡ್ತು?"