ಭಾನುವಾರದ ನಾಣ್ಯ

ಜೇಬಿನ ತಳಕ್ಕೆ ಮೂರನೆಯ ಸಲ ಸೂಜಿ ಚುಚ್ಚಿದಾಗಲೂ ದಾರ ಗಂಟಾಯಿತು. ಹೊಲಿಗೆಯಕ್ಕ ಅದನ್ನು ಹಲ್ಲಿನಲ್ಲಿ ಕಡಿದು, ತುದಿಯನ್ನು ನಾಲಿಗೆಗೆ ಒತ್ತಿ, ಮತ್ತೆ ಪೋಣಿಸಿದಳು.

"ಮೆಷಿನ್‌ಗೆ ಕೊಟ್ರೆ ಎರಡು ನಿಮಿಷದ ಕೆಲಸ," ಎಂದಳು ಅವಳ ದೊಡ್ಡಕ್ಕ, ತೊಳೆದ ಲೋಟಗಳನ್ನು ಬೋರಲು ಹಾಕುತ್ತ. "ಹನ್ನೊಂದಕ್ಕೆ ಗಾಡಿ ಬರುತ್ತೆ. ಈ ಶರ್ಟು ಆಸ್ಪತ್ರೆಗೆ ಹೋಗ್ಬೇಕು, ಅಲ್ಲಿ ತೊಡಿಸ್ಬೇಕು. ನೀನು ನೋಡಿದ್ರೆ ಇನ್ನೂ ಜೇಬು ಹಿಡ್ಕೊಂಡು ಕೂತಿದೀಯ."

"ಮೆಷಿನ್ ಬೇಡ."

"ಊರಿಗೆಲ್ಲ ಹೊಲಿದು ಕೊಟ್ಟೆ. ಕಟ್ಕೊಂಡವನ ಜೇಬು ಮಾತ್ರ ತೂತು."

ದೊಡ್ಡಕ್ಕನ ಮಾತು ಯಾವಾಗಲೂ ಹೀಗೆಯೇ, ಸೂಜಿಯ ಮೊನೆ ಮೊದಲು, ದಾರ ಆಮೇಲೆ. ಇಷ್ಟು ಹೇಳಿ ಅವಳೇ ಬಂದು ತಂಗಿಯ ಕಿವಿಯ ಹಿಂದಕ್ಕೆ ಕೂದಲು ಸರಿಸಿದಳು.

ಮೇಜಿನ ಮೇಲೆ ಆಸ್ಪತ್ರೆಯವರು ಕೊಟ್ಟ ಚೀಲವಿತ್ತು. ಒಳಗೆ ಒಂದು ಕನ್ನಡಕ, ಬೀಗದ ಕೈ, ಅಂಚು ಸವೆದು ನುಣ್ಣಗಾದ ಒಂದು ನಾಣ್ಯ. ಆ ನಾಣ್ಯ ಅವನೊಂದಿಗೇ ಹೋಗಲಿ, ತೂತಿನಿಂದ ಜಾರಿ ಬೀಳದಿರಲಿ ಎಂದೇ ಅವಳು ಜೇಬು ಹೊಲಿಯಲು ಕೂತದ್ದು.

ಮುಂದಿನ ಕೋಣೆಯಲ್ಲಿ ಜನ ತುಂಬಿದ್ದರು. ಮೂವತ್ತೊಂದು ವರ್ಷ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಮುರಿದ ಕೈಕಾಲು ಕಟ್ಟಿದ ಅವಳ ಗಂಡನಿಗೆ ಊರು ಪಟ್ಟಿಯಣ್ಣ ಎಂದು ಹೆಸರಿಟ್ಟಿತ್ತು. ಬಂದವರಲ್ಲಿ ಅರ್ಧದಷ್ಟು ಜನ ಒಂದಲ್ಲ ಒಂದು ಕಾಲದಲ್ಲಿ ಅವನ ಕೈಯಲ್ಲಿ ಕಟ್ಟಿಸಿಕೊಂಡವರೇ.

"ಗುಡ್ಡದ ದಾರೀಲಿ ಬಿದ್ರಂತೆ," ಎಂದಿತು ಒಂದು ದನಿ.

"ಬೀಳದೆ ಇನ್ನೇನು. ಆ ಪ್ಲಾಸ್ಟಿಕ್ ಸೈಕಲ್ಲು ಎಷ್ಟು ದಿನ ಅಂತ ತಡೆಯುತ್ತೆ? ಮುರಿದೇ ಬಿದ್ದಿರ್ಬೇಕು."

ಸೂಜಿ ಹೊಲಿಗೆಯಕ್ಕನ ಬೆರಳಿಗೆ ಇಳಿಯಿತು. ಹೃದಯ ನಿಂತಿತು ಎಂದು ಡಾಕ್ಟರು ಹೇಳಿದ್ದರು, ನಿಜ. ಆದರೆ ಹಣೆಯ ಮೇಲೊಂದು ಗಾಯವಿತ್ತು. ಹೃದಯ ನಿಂತು ಬಿದ್ದನೋ, ಬಿದ್ದದ್ದಕ್ಕೆ ಹೃದಯ ನಿಂತಿತೋ? ಯಾರೂ ಹೇಳಲಿಲ್ಲ. ಕೇಳುವ ಧೈರ್ಯ ಅವಳಿಗೂ ಬರಲಿಲ್ಲ. ಸೈಕಲ್ ಇನ್ನೂ ಗುಡ್ಡದ ಕಾವಲುಗಾರನ ಗುಡಿಸಲಲ್ಲೇ ಇತ್ತು. ಅದನ್ನು ತರಲು ಮೂಲೆಯಂಗಡಿಯ ಪಂಕ್ಚರ್ ಮಾಮ ಬೆಳಕು ಹರಿಯುವ ಮೊದಲೇ ಹೊರಟಿದ್ದ.

ಅದು ಮುರಿದು ಬಂದರೆ ಏನು ಮಾಡಬೇಕೆಂದು ಅವಳಿಗೆ ತಿಳಿದಿರಲಿಲ್ಲ.

*

ಹದಿನಾರು ವರ್ಷದ ಹಿಂದೆ, ಏಳು ಸಮುದ್ರ ದಾಟಿ ಬಂದ ಹಾಗೆ ಮೈತುಂಬ ಮುದ್ರೆ ಒತ್ತಿಸಿಕೊಂಡ ಒಂದು ರಟ್ಟಿನ ಪೆಟ್ಟಿಗೆ ಆ ಮನೆಗೆ ಬಂತು. ಹೊಲಿಗೆಯಕ್ಕ ಎತ್ತಿ ನೋಡಿ ನಕ್ಕಳು.

"ಮೋಸ ಹೋದ್ರಿ. ಒಳಗೇನೂ ಇಲ್ಲ."

ಬಿಚ್ಚಿದರೆ, ಕಾಡಿಗೆಯಲ್ಲಿ ಅದ್ದಿ ತೆಗೆದಂತಹ ಒಂದು ಸೈಕಲ್ ಚೌಕಟ್ಟು. ಚಕ್ರವಿಲ್ಲ, ಸೀಟಿಲ್ಲ, ಯಾವ ಕಂಪನಿಯ ಹೆಸರೂ ಇಲ್ಲ. ಪಟ್ಟಿಯಣ್ಣ ಅದನ್ನು ಒಂದೇ ಬೆರಳಿಗೆ ನೇತುಹಾಕಿ, ಹುಟ್ಟಿದ ಮಗುವನ್ನೂ ಅಷ್ಟು ಮೆಲ್ಲಗೆ ಹೊರಳಿಸಿರಲಿಲ್ಲ ಎನ್ನುವಂತೆ ತಿರುಗಿಸಿ ನೋಡಿದ.

"ನನ್ನ ಇಸ್ತ್ರಿ ಪೆಟ್ಟಿಗೇನೇ ಇದಕ್ಕಿಂತ ಭಾರ," ಎಂದಳು ಅವಳು. "ಪ್ಲಾಸ್ಟಿಕ್ಕು."

"ಪ್ಲಾಸ್ಟಿಕ್ ಅಲ್ಲ ಇವಳೇ, ಕಾರ್ಬನ್ನು. ಇದ್ದಿಲಿನಂಥ ನೂಲು ನೇಯ್ದು, ಅಂಟು ಹಾಕಿ ಗಟ್ಟಿ ಮಾಡಿದ್ದು. ನೀನು ಹೊಲಿಯೋದೂ ಬಟ್ಟೆ, ನಾನು ಕಟ್ಟೋದೂ ಬಟ್ಟೆ, ಇದೂ ಬಟ್ಟೆ. ನಮ್ಮ ಮನೇಗೇ ಸರಿಯಾಗಿ ಬಂದಿದೆ."

ಒಳ್ಳೆಯ ಕಂಪನಿಯದು ತನ್ನ ಕೈಗೆಟುಕದೆಂದು ತಿಳಿದೇ ಅವನು ಇದನ್ನು ತರಿಸಿದ್ದ. ಒಂದು ವರ್ಷ ಬಾಳಿದರೆ ಹೆಚ್ಚು ಎಂದು ಪಂಕ್ಚರ್ ಮಾಮನೇ ಭವಿಷ್ಯ ನುಡಿದ. ಮುಂದಿನ ಚಕ್ರವನ್ನು ಹಿಡಿಯಲು ಸ್ಪ್ರಿಂಗಿನ ಫೋರ್ಕ್ ಹಾಕಿದರು. ಹಿಂದಕ್ಕೆ ಸ್ಪ್ರಿಂಗ್ ಇಲ್ಲದ ಜಾತಿ ಅದು. ಗುಡ್ಡದ ಕಲ್ಲುಗಳ ಪೆಟ್ಟೆಲ್ಲ ನೇರ ಕೂತವನ ಬೆನ್ನಿಗೆ. ಪ್ರತಿ ಭಾನುವಾರ ಪಟ್ಟಿಯಣ್ಣ ಸೊಂಟ ಹಿಡಿದುಕೊಂಡು, ನಗುತ್ತ ಮನೆಗೆ ಬರುತ್ತಿದ್ದ.

ಹೊರಡುವ ಮೊದಲು ತಪ್ಪದ ಒಂದು ಕೆಲಸವಿತ್ತು. ಜೇಬಿನ ನಾಣ್ಯ ತೆಗೆದು ಚೌಕಟ್ಟಿನ ಉದ್ದಕ್ಕೂ ಬಡಿಯುತ್ತ ಕೇಳುವುದು. ಟಿಣ್, ಟಿಣ್, ಟಿಣ್. ಗಟ್ಟಿ ಇದ್ದಲ್ಲಿ ಟಿಣ್, ಒಳಗೆ ಸೀಳಿದ್ದಲ್ಲಿ ಡಬ್. ಆರನೆಯ ವರ್ಷ ಕಲ್ಲೊಂದು ಹಾರಿ ಹಿಂದಿನ ಕೊಳವೆಗೆ ಬಡಿದಾಗ ಆ ಡಬ್ ಕೇಳಿಸಿತು. ಬಿಸಾಡು ಎಂದರು ಎಲ್ಲರೂ. ಅವನು ಗಾಯವನ್ನು ಉಜ್ಜಿ, ಕಪ್ಪು ಬಟ್ಟೆ ಸುತ್ತಿ, ಅಂಟು ಸವರಿ, ಮೂರು ದಿನ ಬಿಗಿಯಾಗಿ ಪಟ್ಟಿ ಕಟ್ಟಿಟ್ಟ. ಪ್ಲಾಸ್ಟರ್ ಕೋಣೆಯಲ್ಲಿ ಎಲ್ಲ ಕಟ್ಟಿನ ಮೇಲೂ ಬರೆಯುವಂತೆ ಇದರ ಮೇಲೂ ಮೂರು ಸಾಲು ಬರೆದ: ಹಾಕಿದ ದಿನ, ಬಿಚ್ಚುವ ದಿನ, ಯಾತರಿಂದ. ಹಾಕಿದ ದಿನದ ಮುಂದೆ ತಾರೀಖು. ಬಿಚ್ಚುವ ದಿನದ ಮುಂದೆ ಒಂದು ಗೆರೆ. ಇದು ಬಿಚ್ಚುವ ಕಟ್ಟಲ್ಲವಲ್ಲ. ಯಾತರಿಂದ: ಕಲ್ಲು.

ಆಮೇಲೆ ಚಕ್ರ ಬದಲಾಯಿತು, ಚೈನು ಏಳೆಂಟು ಸಲ, ಸೀಟು ಮೂರು, ಫೋರ್ಕ್ ಎರಡು.

"ನೀನೂ ಈ ಚೌಕಟ್ಟೂ ಬಿಟ್ರೆ ನನ್ನ ಹತ್ರ ಹಳೇದು ಅಂತ ಏನೂ ಉಳಿದಿಲ್ಲ," ಎನ್ನುತ್ತಿದ್ದ.

"ನನ್ನನ್ನೂ ನಾಣ್ಯದಲ್ಲಿ ಬಡಿದು ನೋಡಿ ಒಂದ್ಸಲ."

"ಬೇಡಮ್ಮ. ನಿನ್ನದು ಬಡಿಯದೇನೇ ಊರಿಗೆಲ್ಲ ಕೇಳಿಸುತ್ತೆ."

*

"ನಂದು ಮೊಣಕೈ," ಎನ್ನುತ್ತಿದ್ದ ಬೇಕರಿಯವನು, ತೋಳು ಮಡಚಿ ತೋರಿಸುತ್ತ. "ಕಟ್ಟಿನ ಮೇಲೆ 'ಎಣ್ಣೆ ನೆಲ' ಅಂತ ಬರೆದ್ರು. ಅದ್ಯಾಕಣ್ಣ ಬರೀತೀರ, ನೋಡಿದೋರೆಲ್ಲ ನಗ್ತಾರೆ ಅಂದೆ. ನಗ್ಲಿ ಬಿಡು, ಯಾತರಿಂದ ಅಂತ ಹೇಳ್ಕೊಂಡ್ಮೇಲೆ ಅರ್ಧ ನೋವು ಇಳಿಯುತ್ತೆ ಅಂದ್ರು."

"ನನಗೆ 'ಎರಡನೇ ಮೆಟ್ಟಿಲು' ಅಂತ," ಎಂದಳು ಅಂಚೆ ಹಂಚುವವಳು. "ಎರಡನೇದಲ್ಲ ಅಣ್ಣಾ, ಮೂರನೇದು ಅಂದೆ. ಹೊಡೆದುಹಾಕಿ ತಿದ್ದಿದ್ರು!"

ಕೋಣೆ ನಕ್ಕಿತು, ನಕ್ಕದ್ದಕ್ಕೆ ನಾಚಿ ಸುಮ್ಮನಾಯಿತು. ಮಗಳು ಅಡುಗೆಮನೆಗೆ ಬಂದು ಅಮ್ಮನ ಪಕ್ಕ ನೆಲದ ಮೇಲೆ ಕೂತಳು.

"ಎಲ್ಲರೂ ಎಷ್ಟು ಚೆನ್ನಾಗಿ ಮಾತಾಡ್ತಿದಾರೆ. ನೀನೂ ಬಾಮ್ಮ."

"ಹೊಲಿದು ಬರ್ತೀನಿ ಪುಟ್ಟಿ."

"ಅಮ್ಮ, ನೀನು ಮೆಷಿನ್ ಮುಟ್ಟಿ ಎಷ್ಟು ದಿನ ಆಯ್ತು? ಮೇಲೆಲ್ಲ ಧೂಳು ಕೂತಿದೆ."

"ನನ್ನ ಬಿಳಿ ಪೆನ್ಸಿಲ್ ಕಳೆದುಹೋಗಿದೆ. ಗುರುತು ಹಾಕದೆ ಹೇಗೆ ಕತ್ತರಿಸಲಿ?"

ಪೆನ್ಸಿಲ್ ಕಳೆದದ್ದು ಸುಳ್ಳಲ್ಲ. ಆದರೆ ಕಾರಣ ಅದಾಗಿರಲಿಲ್ಲ.

*

ಮೂರು ವಾರದ ಹಿಂದೆ, ಒಂದು ಶುಕ್ರವಾರ. ಕಿಟಕಿಯ ಬೆಳಕಿಗೆ ಕೂರೋಣವೆಂದು ಅವಳು ತನ್ನ ಹಸಿರು ಬಣ್ಣದ ಕೈಮೆಷಿನ್ನನ್ನು ಎತ್ತಿಕೊಂಡು ಓಣಿಯಂಥ ಪಡಸಾಲೆಯಲ್ಲಿ ಬರುತ್ತಿದ್ದಳು. ಹೆಗಲಿನಿಂದ ಜಾರಿದ ಬಟ್ಟೆಯ ತುದಿ ಕಾಲಿಗೆ ತೊಡರಿತು. ಮೆಷಿನ್ ಕೈ ತಪ್ಪಿ, ಗೋಡೆಗೆ ಒರಗಿದ್ದ ಸೈಕಲ್ಲಿನ ಮೇಲೆ ಬಿತ್ತು.

ಕಟಕ್.

ಕೆಳಗಿನ ದಪ್ಪ ಕೊಳವೆಯ ಪಕ್ಕೆಯಲ್ಲಿ ಉಗುರಿನಷ್ಟುದ್ದದ ಬಿಳಿ ಗೀರು. ಅವಳು ತನ್ನ ಬೆರಳಿನ ಗೆಣ್ಣಿನಿಂದ ಬಡಿದು ನೋಡಿದಳು. ಡಬ್.

ಅವನು ನಿವೃತ್ತನಾಗಿ ವರ್ಷವೂ ತುಂಬಿರಲಿಲ್ಲ. ಕಟ್ಟಲು ಒಂದು ಕೈಯೂ ಕಾಲೂ ಇಲ್ಲದೆ ವಾರವಿಡೀ ಮಂಕಾಗಿ ಕೂರುತ್ತಿದ್ದವನು ಎದ್ದು ನಿಲ್ಲುತ್ತಿದ್ದದ್ದು ಆ ಒಂದು ಭಾನುವಾರಕ್ಕೆ. ಹೇಗೆ ಹೇಳುವುದು? ಸಂಜೆ ಹೇಳೋಣವೆಂದುಕೊಂಡಳು. ಅಷ್ಟರಲ್ಲಿ ಅವಳ ಕೈ, ಅವಳನ್ನು ಕೇಳದೆಯೇ, ಕಪಾಟಿನಿಂದ ಕಪ್ಪು ಬೂಟ್ ಪಾಲಿಶ್ ತೆಗೆದು ಗೀರಿನ ಮೇಲೆ ತಿಕ್ಕಿತ್ತು. ಸೈಕಲ್ಲನ್ನು ತಿರುಗಿಸಿ, ಗಾಯದ ಬದಿ ಗೋಡೆಗೆ ಬರುವಂತೆ ನಿಲ್ಲಿಸಿತ್ತು.

ಭಾನುವಾರ ಅವನು ನಾಣ್ಯ ತೆಗೆದಾಗ ಅವಳು ಅಡುಗೆಮನೆಯ ನಲ್ಲಿ ಪೂರ್ತಿ ತಿರುಗಿಸಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ನಲ್ಲಿ ನಿಲ್ಲಿಸಿದಾಗ ಅವನು ಹೆಲ್ಮೆಟ್ ಬಿಚ್ಚಿಟ್ಟು ಪತ್ರಿಕೆ ಓದುತ್ತಿದ್ದ. "ಇವತ್ತು ಸೊಂಟ ಸರಿ ಇಲ್ಲ. ಮುಂದಿನ ವಾರ ಹೋದ್ರಾಯ್ತು," ಎಂದನಷ್ಟೆ. ಅವನ ಕಿವಿ ಇತ್ತೀಚೆಗೆ ಮಂದವಾಗಿತ್ತು. ರೇಡಿಯೋ ಬೀದಿಗೆಲ್ಲ ಕೇಳುವಂತೆ ಹಾಕುತ್ತಿದ್ದ. ಕೇಳಿಸಿಲ್ಲ ಎಂದುಕೊಂಡಳು. ನಾಳೆ ಹೇಳೋಣ ಎಂದುಕೊಂಡಳು. ಆ ನಾಳೆ ದಿನಕ್ಕೊಂದು ಹೆಜ್ಜೆ ಹಿಂದೆ ಸರಿಯುತ್ತ ಹೋಯಿತು. ಸೈಕಲ್ಲಿನ ಕಡೆ ಕಣ್ಣೆತ್ತಿ ನೋಡುವುದನ್ನೇ ಅವಳು ಬಿಟ್ಟಳು. ಅವನು ಹೊರಡುವಾಗಲೆಲ್ಲ ನಿಧಾನ, ನಿಧಾನ ಎಂದಳು. ನಿನ್ನೆಯೂ ಎಂದಿದ್ದಳು.

*

ಹತ್ತೂವರೆಗೆ ಹೊರಗೆ ಕಿರಕಿರ ಸದ್ದು ಕೇಳಿಸಿತು, ಚಕ್ರ ತನ್ನಷ್ಟಕ್ಕೆ ತಿರುಗುವಾಗಿನ ಸದ್ದು. ಪಂಕ್ಚರ್ ಮಾಮ ಸೈಕಲ್ಲನ್ನು ಹೊಸ್ತಿಲು ದಾಟಿಸಿ ಪಡಸಾಲೆಯ ಗೋಡೆಗೆ ಒರಗಿಸಿದ. ಅವನ ಚಪ್ಪಲಿಯೆಲ್ಲ ಗುಡ್ಡದ ಕೆಮ್ಮಣ್ಣಾಗಿತ್ತು.

"ಅಷ್ಟು ದೂರದಿಂದ ನಡ್ಕೊಂಡು ಬಂದ್ಯೇನಯ್ಯ? ಹತ್ಕೊಂಡು ಬರಬಾರ್ದಾ?" ಎಂದಳು ದೊಡ್ಡಕ್ಕ.

"ಹತ್ತೋಕೆ ಮನಸ್ಸು ಬರ್ಲಿಲ್ಲ ಅಕ್ಕ."

ಹೊಲಿಗೆಯಕ್ಕ ಶರ್ಟನ್ನು ಎದೆಗೆ ಅವುಚಿಕೊಂಡೇ ಬಂದು ನಿಂತಳು.

"ಬೀಳ್ಲಿಲ್ಲ ಹೊಲಿಗೆಯಕ್ಕ," ಎಂದ ಅವನು, ಅವಳು ಕೇಳುವ ಮೊದಲೇ. "ಮೇಲಿನ ತಿರುವಲ್ಲಿ ಬೆಂಚಿದೆಯಲ್ಲ, ಅಲ್ಲಿ ಕೂತಿದ್ರಂತೆ. ಸೈಕಲ್ ಮರಕ್ಕೆ ಒರಗಿಸಿ, ಹೆಲ್ಮೆಟ್ಟು ಹ್ಯಾಂಡಲ್‌ಗೆ ನೇತುಹಾಕಿ. ಕಾವಲುಗಾರ ಕೈ ಬೀಸಿದ್ರೆ ಇವರೂ ಬೀಸಿದ್ರಂತೆ. ಇನ್ನೊಂದ್ಸಲ ನೋಡೋಷ್ಟರಲ್ಲಿ ಪಕ್ಕಕ್ಕೆ ವಾಲಿದ್ರು. ಬೆಂಚಿನ ಅಂಚು ಹಣೆಗೆ ತಾಗಿದೆ. ಅಷ್ಟೆ."

"ನನ್ನ ಸಮಾಧಾನಕ್ಕೆ ಹೇಳ್ತಿದೀಯ."

"ಯಾಕೆ ಹಾಗಂತೀರ?"

ಕೋಣೆ ತುಂಬ ಜನ. ಮಗಳು, ದೊಡ್ಡಕ್ಕ, ಬೇಕರಿಯವನು. ಅವಳ ದನಿ ಎಲ್ಲಿಂದಲೋ ಬಂದಂತಿತ್ತು.

"ಅದು ಮುರಿದಿತ್ತು. ಮೂರು ವಾರದ ಹಿಂದೆ ನನ್ನ ಕೈಯಿಂದ ಮೆಷಿನ್ ಜಾರಿ ಅದರ ಮೇಲೆ ಬಿತ್ತು. ಸೀಳು ಬಿಟ್ಟಿತ್ತು. ನಾನು ಪಾಲಿಶ್ ಹಚ್ಚಿ ಮುಚ್ಚಿಟ್ಟೆ. ಅವರಿಗೆ ಹೇಳ್ಲಿಲ್ಲ."

ಪಂಕ್ಚರ್ ಮಾಮ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

"ಅವರಿಗೆ ಗೊತ್ತಿತ್ತು ಅಕ್ಕ."

ಅವನು ಮಂಡಿಯೂರಿ ಕೂತು, ದಪ್ಪ ಕೊಳವೆಗೆ ಸುತ್ತಿದ್ದ ಹಳೆಯ ಟ್ಯೂಬಿನ ರಬ್ಬರನ್ನು ಮೆಲ್ಲಗೆ ಬಿಚ್ಚಿದ. ಅಲ್ಲಿ ರಬ್ಬರು ಸುತ್ತಿದ್ದೇ ಅವಳಿಗೆ ಗೊತ್ತಿರಲಿಲ್ಲ. ಒಳಗೆ ಹೊಳೆಯುವ ಕಪ್ಪು ಕಟ್ಟು. ಅದರ ಮೇಲೆ, ತೆಳುವಾದ ಅಂಟಿನ ಪದರದಡಿಯಲ್ಲಿ, ಮೂರು ಸಾಲು ಬಿಳಿ ಅಕ್ಷರ. ಹಾಕಿದ ದಿನ: ಆ ಭಾನುವಾರದ ಮಾರನೆಯ ದಿನ. ಬಿಚ್ಚುವ ದಿನದ ಮುಂದೆ ಈ ಸಲ ಗೆರೆಯಿರಲಿಲ್ಲ, ತಾರೀಖಿತ್ತು. ಅದಕ್ಕೆ ಇನ್ನೂ ಮೂರು ವಾರ ಬಾಕಿ.

ಯಾತರಿಂದ: ಮೆಷಿನ್ನು.

"ಕಿವಿಗೆ ಕೇಳಿಸ್ಲಿಲ್ಲವಂತೆ, ಬೆರಳಿಗೆ ಸಿಕ್ತಂತೆ," ಎಂದ ಪಂಕ್ಚರ್ ಮಾಮ. "ಸೋಮವಾರ ಅಂಗಡಿಗೆ ತಂದು ಪಾಲಿಶ್ ಒರೆಸಿದ್ರು. ಕೆಳಗೆ ನಿಮ್ಮ ಮೆಷಿನ್ನಿನ ಹಸಿರು ಬಣ್ಣ ಅಂಟಿತ್ತು. 'ಬೂಟ್ ಪಾಲಿಶ್ ಹಚ್ಚಿದಾಳಲ್ಲಯ್ಯ ನನ್ನ ದರ್ಜಿ!' ಅಂತ ನಕ್ಕೂ ನಕ್ಕೂ ಕೆಮ್ಮು ಬಂತು ಅವರಿಗೆ. ಮೂರು ದಿನ ಪಟ್ಟಿ ಕಟ್ಟಿಟ್ವಿ. ನೀವು ಕೇಳ್ತೀರ ಅಂತ ಕಾದ್ರು. ನೀವು ಆ ಕಡೆ ನೋಡ್ಲೇ ಇಲ್ವಂತೆ."

"ನನಗ್ಯಾಕೆ ಹೇಳ್ಲಿಲ್ಲ?"

"ನಾನೂ ಕೇಳ್ದೆ. 'ಮೂಳೆ ಕೂಡೋಕೆ ಆರು ವಾರ ಬೇಕು. ಅವಳಿಗೂ ಅಷ್ಟು ಕೊಡೋಣ. ಅಷ್ಟರಲ್ಲಿ ಅವಳೇ ಹೇಳಿದ್ರೆ ಸರಿ. ಇಲ್ಲದಿದ್ರೆ ಆ ದಿನ ಈ ರಬ್ಬರ್ ಬಿಚ್ಚಿ ತೋರಿಸ್ತೀನಿ, ಇಬ್ಬರೂ ಕೂತು ನಗ್ತೀವಿ' ಅಂದ್ರು." ಅವನು ಎದ್ದು ನಿಂತ. "ನಿಮ್ಮ ಬಿಳಿ ಪೆನ್ಸಿಲ್ ನನ್ನ ಅಂಗಡೀಲಿದೆ ಅಕ್ಕ. ಬರೆಯೋಕೆ ತಂದಿದ್ರು."

ಹೊಲಿಗೆಯಕ್ಕ ಒಳಗೆ ಹೋಗಿ ಚೀಲದಿಂದ ನಾಣ್ಯ ತಂದು ಸೈಕಲ್ಲಿನ ಮುಂದೆ ಕೂತಳು. ಹದಿನಾರು ವರ್ಷ ಅಡುಗೆಮನೆಯಿಂದ ಕೇಳಿದ್ದಳೇ ಹೊರತು ಒಮ್ಮೆಯೂ ತಾನು ಬಡಿದವಳಲ್ಲ. ಮುಂದಿನಿಂದ ಶುರು ಮಾಡಿದಳು. ಟಿಣ್. ಟಿಣ್. ಮೇಲಿನ ಕೊಳವೆ ಮುಗಿಸಿ ಕೆಳಗಿನದಕ್ಕೆ ಬಂದಳು. ಕಟ್ಟಿನ ಹತ್ತಿರ ಕೈ ನಿಂತಿತು. ಮಗಳು ಅವಳ ಬೆನ್ನಿಗೆ ಅಂಗೈಯಿಟ್ಟಳು.

ಟಿಣ್.

ಉಳಿದವಕ್ಕಿಂತ ಒಂದೆಳೆ ತಗ್ಗಿದ ದನಿ, ಗಂಟಲು ಕಟ್ಟಿದವರು ಮಾತಾಡಿದಂತೆ. ಆದರೆ ಗಟ್ಟಿ.

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. "ಏಳೇ," ಎಂದಳು ದೊಡ್ಡಕ್ಕ, ಮೂಗು ಒರೆಸಿಕೊಳ್ಳುತ್ತ. "ಜೇಬು ಮುಗೀತಾ?"

"ಮುಗೀತು." ಅವಳು ಶರ್ಟನ್ನು ಮಡಚಿ ಮಗಳ ಕೈಗಿಟ್ಟಳು.

"ನಾಣ್ಯ ಹಾಕ್ಲಿಲ್ವಲ್ಲಮ್ಮ?"

"ಭಾನುವಾರಕ್ಕೆ ಬೇಕು."

ಪಂಕ್ಚರ್ ಮಾಮ ರಬ್ಬರನ್ನು ಮತ್ತೆ ಸುತ್ತಲು ಬಗ್ಗಿದ. ಅವಳು ಬೇಡವೆಂದು ಅವನ ಕೈ ಸರಿಸಿ, ಸೈಕಲ್ಲನ್ನು ತಿರುಗಿಸಿ, ಅಕ್ಷರಗಳು ಹೊರಗೆ ಕಾಣುವಂತೆ ಒರಗಿಸಿದಳು. ಪಡಸಾಲೆ ಇಕ್ಕಟ್ಟು, ಎಲ್ಲರೂ ಮೈ ಕಿರಿದು ಮಾಡಿಕೊಂಡು, ಒಬ್ಬೊಬ್ಬರಾಗಿ ಅದನ್ನು ದಾಟಬೇಕಿತ್ತು. ಬೇಕರಿಯವನು ಬಗ್ಗಿ ಓದಿದ. ತೋಳು ಮಡಚಿ, ಒಂದು ಗಳಿಗೆ ನಿಂತು, ಬೆರಳಿನ ಗೆಣ್ಣಿನಿಂದ ಕಟ್ಟನ್ನು ಮೆಲ್ಲಗೆ ಬಡಿದು ಮುಂದೆ ಹೋದ. ಅವನ ಹಿಂದೆ ಅಂಚೆಯವಳು. ಅವಳ ಹಿಂದೆ ಇನ್ನೊಬ್ಬರು. ಶರ್ಟು ಗಾಡಿ ಸೇರುವವರೆಗೂ ಆ ಮನೆಯೊಳಗಿಂದ ಒಂದೊಂದಾಗಿ ಬರುತ್ತಲೇ ಇತ್ತು, ಟಿಣ್, ಟಿಣ್, ಟಿಣ್.