ಇಬ್ಬರಲ್ಲೂ ಅದೇ ಕೊರತೆ

ರೊಳ್ಳದಿಂದ ರಾಯದುರ್ಗದ ಕಾರ್ಖಾನೆಗೆ ಜೀನ್ಸ್ ಹೊಲಿಯಲು ಮೊದಲು ಬಂದವಳು ಓಬಕ್ಕ. ತಂಗಿ ಚಿನ್ನಕ್ಕನಿಗೆ ಹೊಲಿಗೆ ಕಲಿಸಿದವಳೂ ಅವಳೇ. ಆಮೇಲೆ ಓಬಕ್ಕನಿಗೆ ನಿಲ್ಲದ ಭೇದಿ ಹಿಡಿಯಿತು, ರಕ್ತದ ಕಣಗಳ ಸಂಖ್ಯೆ ಕುಸಿಯಿತು, ಮುಟ್ಟಿದಲ್ಲೆಲ್ಲ ಚರ್ಮ ನೀಲಿಗಟ್ಟಿತು. ಅವಳ ಮಷೀನಿಗೆ ಚಿನ್ನಕ್ಕ ಬಂದು ಕೂತಳು.

"ನಿಮ್ಮ ತಂಗಿ ಕೈ ಭಾಳ ಚುರುಕು ಐತ್ರಿ," ಎಂದು ಮೇಸ್ತ್ರಿ ಕೊಟ್ರಬಸಪ್ಪ ಹೇಳಿದ ದಿನ ಓಬಕ್ಕ ಊಟ ಮಾಡಲಿಲ್ಲ. ತಂಗಿ ಮೆಣಸಿನಕಾಯಿ ಬಜ್ಜಿ ತಿಂದು ಅರಗಿಸಿಕೊಳ್ಳುವುದನ್ನು ನೋಡಿದರೂ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ವಂಶದಲ್ಲೇ ಬಂದ ಕಾಯಿಲೆ ಇರಬಹುದೆಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಇಬ್ಬರ ರಕ್ತವನ್ನೂ ವಂಶವಾಹಿ ಪರೀಕ್ಷೆಗೆ ತೆಗೆದುಕೊಂಡರು. ತಂಗಿಯಲ್ಲೂ ಏನಾದರೂ ಸಿಗಲಿ ಎಂದು ಓಬಕ್ಕ ನೇಮಕಲ್ಲಿನ ಆಂಜನೇಯನಿಗೆ ಮನಸ್ಸಿನಲ್ಲೇ ಕೈಮುಗಿದಳು.

ಎರಡು ತಿಂಗಳಾದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ರೋಗಾಣು ಬಂದಾಗ ರಕ್ತದಲ್ಲಿರೋ ಟಿ ಅನ್ನೋ ಬಿಳಿ ಕಣಗಳು ಎದ್ದು ಹೋರಾಡುತ್ತವೆ. ಆಮೇಲೆ ಅವನ್ನು ತಡೆದು ನಿಲ್ಲಿಸೋದಕ್ಕೆ ಸಿಟಿಎಲ್‌ಎ-4 ಅಂತ ಒಂದು ಪ್ರೋಟೀನ್ ಇದೆ. ನಿಮ್ಮಲ್ಲಿ ಅದು ಅರ್ಧದಷ್ಟೇ ಇದೆ, ಓಬಕ್ಕ. ಅದಕ್ಕೇ ಅವು ನಿಲ್ಲದೆ ನಿಮ್ಮ ಕರುಳನ್ನೂ ರಕ್ತವನ್ನೂ ಹಾಳುಮಾಡ್ತಿವೆ. ಚಿನ್ನಕ್ಕ, ನಿಮ್ಮಲ್ಲೂ ಅದೇ ಕೊರತೆ ಇದೆ."

ಓಬಕ್ಕನ ಎದೆ ಹಗುರಾಯಿತು. "ಹಂಗಾದ್ರೆ ಇವಳಿಗ್ಯಾಕೆ ಏನೂ ಆಗಿಲ್ಲ?" ಎಂದು ಕೇಳಿದಳು.

"ಕೊರತೆ ಇದ್ದೂ ಕೆಲವರಿಗೆ ಕಾಯಿಲೆ ಬರೋದಿಲ್ಲ. ಯಾಕೆ ಅನ್ನೋದು ನಮಗಿನ್ನೂ ಪೂರ್ತಿ ಗೊತ್ತಿಲ್ಲ. ಮುಂದೆ ಬರಲೂಬಹುದು. ವರ್ಷಕ್ಕೊಮ್ಮೆ ತೋರಿಸ್ತಿರಬೇಕು."

ಓಬಕ್ಕನಿಗೆ ಮತ್ತೆ ಕುದಿಯಿತು. ಒಂದೇ ತಾಯಿಯ ಹೊಟ್ಟೆ, ಒಂದೇ ಕೊರತೆ. ಈ ಗತಿ ಮಾತ್ರ ತನ್ನೊಬ್ಬಳಿಗೆ.

ಬಸ್ಸಿನಲ್ಲಿ ಚಿನ್ನಕ್ಕ ಕೇಳಿದಳು, "ನಂಗೂ ಐತೆ ಅಂದಾಗ ನಿಂಗೆ ಖುಷಿ ಆತಲ್ವೇನಕ್ಕ?"

"ಆತು ಕಣೆ," ಎಂದಳು ಓಬಕ್ಕ. ಸುಳ್ಳು ಹೇಳಲು ಅವಳಲ್ಲಿ ತ್ರಾಣವಿರಲಿಲ್ಲ.

ಚಿನ್ನಕ್ಕ ಎದ್ದು ಹಿಂದಿನ ಸೀಟಿಗೆ ಹೋದಳು. ಒಂದು ತಿಂಗಳು ಅಕ್ಕನ ಜೊತೆ ಊಟಕ್ಕೆ ಕೂರಲಿಲ್ಲ.

ಆ ಪ್ರೋಟೀನಿನ ಕೆಲಸವನ್ನೇ ಮಾಡುವ ಇಂಜೆಕ್ಷನ್ ಶುರುವಾದ ಮೇಲೆ ಓಬಕ್ಕ ಚೇತರಿಸಿಕೊಂಡಳು. ಎಂಟು ತಿಂಗಳಿಗೆ ಕೆಲಸಕ್ಕೂ ಹೋದಳು. ಹಳೆಯ ಮಷೀನ್ ತಂಗಿಯ ಬಳಿಯೇ ಉಳಿದಿತ್ತು. ಓಬಕ್ಕನಿಗೆ ಗುಂಡಿ ಹಾಕುವ ಕೆಲಸ ಕೊಟ್ಟರು. ಹಲ್ಲು ಕಚ್ಚಿಕೊಂಡು ಮಾಡಿದಳು.

ವರ್ಷ ತುಂಬಿದರೂ ಚಿನ್ನಕ್ಕ ಪರೀಕ್ಷೆಯ ಮಾತೆತ್ತಲಿಲ್ಲ. ಓಬಕ್ಕ ನೆನಪಿಸಿದಾಗ "ನಂಗೇನಾಗೈತೆ? ಚೆನ್ನಾಗೇ ಇದೀನಿ," ಎಂದಳು. ಆ ಮಾತೂ ಓಬಕ್ಕನಿಗೆ ಚುಚ್ಚಿತು. ಆದರೂ ಕೊಟ್ರಬಸಪ್ಪನ ಬಳಿ ಹೋಗಿ ಇಬ್ಬರಿಗೂ ಎರಡು ದಿನ ರಜೆ ಕೇಳಿದಳು.

"ಆಕಿಗೆ ಯಾಕ್ರಿ? ಗಟ್ಟಿಮುಟ್ಟಾಗಿ ಅದಾಳಲ್ಲ."

"ಹಂಗೇ ಇರ್ಲಿ ಅಂತ್ಲೇ ಕೇಳ್ತಿರೋದು," ಎಂದಳು ಓಬಕ್ಕ. ಹಾಗೆ ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಮೇಸ್ತ್ರಿ ಒಪ್ಪಿದ ಕೂಡಲೇ ನೇರವಾಗಿ ತಂಗಿಯ ಬಳಿ ಹೋಗಿ ಮಷೀನಿನ ಸ್ವಿಚ್ ಆರಿಸಿದಳು.

"ಏಳೇ, ಬೆಂಗಳೂರು ಬಸ್ಸಿಗೆ ಹೊತ್ತಾತು."